ಕಿಪುಂಜಿ: ಊರಿಗೆ ಹಳೆಯ ಮಂಗ, ಶಾಸ್ತ್ರಕ್ಕೆ ಹೊಸ ಮಂಗ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಂಗನ ಹೆಸರೆತ್ತಿದೊಡನೆ ಮಲೆನಾಡಿನ ರೈತನಿಗೆ ನೆನಪಾಗುವುದು ಹಾಳಾದ ಬಾಳೆಗೊನೆ, ಕಿತ್ತೆಸೆದ ಏಲಕ್ಕಿ, ಕಚ್ಚಿ ಬಿಸಾಡಿದ ಎಳೆಯ ಅಡಿಕೆ. ವರ್ಷವಿಡೀ ಬೆವರು ಸುರಿಸಿ ಬೆಳೆಸಿದ್ದನ್ನು ಒಂದು ಬೆಳಗಿನಲ್ಲಿ ಕಳೆದುಕೊಂಡವನಿಗೆ ಮಂಗನ ಸಂರಕ್ಷಣೆಯ ಮಾತು ರುಚಿಸುವುದು ಕಷ್ಟ. ಆ ಕಷ್ಟವನ್ನು ಬದಿಗಿಟ್ಟು ಮಂಗನ ಗುಣಗಾನ ಮಾಡುವುದು ಈ ಉಪನ್ಯಾಸದ ಉದ್ದೇಶವಲ್ಲ. ದೂರದ ಆಫ್ರಿಕಾದ ಬೆಟ್ಟವೊಂದರಲ್ಲಿ ಇಂಥದೇ ಕಷ್ಟದ ನಡುವೆ, ಅಳಿದುಹೋಗಲಿದ್ದ ಮಂಗವೊಂದು ಉಳಿದುಕೊಂಡ ಬಗೆಯನ್ನು ವಿವರಿಸುವುದು ಇದರ ಉದ್ದೇಶ. ಆ ಮಂಗದ ಹೆಸರು ಕಿಪುಂಜಿ.

ಟಾಂಜಾನಿಯಾ ದೇಶದ ದಕ್ಷಿಣ ಭಾಗದಲ್ಲಿ, ನ್ಯಾಸಾ ಸರೋವರದ ಉತ್ತರಕ್ಕೆ, ರುಂಗ್ವೆ ಎಂಬ ಪರ್ವತವಿದೆ. ಅದು ಜ್ವಾಲಾಮುಖಿಯಿಂದ ಉಂಟಾದ ಪರ್ವತ. ಎತ್ತರ ಸುಮಾರು 2,960 ಮೀಟರ್. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಒಂದು ಸಾವಿರ ಮೀಟರಿಗೂ ಹೆಚ್ಚು ಎತ್ತರ. ಟಾಂಜಾನಿಯಾದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಬೆಟ್ಟದ ಬುಡದಲ್ಲಿ ಟುಕುಯು ಎಂಬ ಪಟ್ಟಣವಿದೆ. ಸುತ್ತಲೂ ಚಹಾ ತೋಟಗಳು, ಬಾಳೆ ತೋಟಗಳು, ಕಾಫಿ, ಮೆಕ್ಕೆಜೋಳ, ಆಲೂಗಡ್ಡೆಯ ಹೊಲಗಳು. ಇಲ್ಲಿ ವಾಸಿಸುವವರು ನ್ಯಾಕ್ಯೂಸಾ ಎಂಬ ಜನ. ಬಾಳೆ ಅವರ ಜೀವನದ ಆಧಾರಗಳಲ್ಲೊಂದು. ಹೊಲ ಮುಗಿದಲ್ಲಿ ಕಾಡು ಆರಂಭವಾಗುತ್ತದೆ. ಕಾಡಿನಿಂದ ಇಳಿದ ಹೊಳೆಗಳು ಹೊಲಗಳನ್ನು ದಾಟಿ ನ್ಯಾಸಾ ಸರೋವರವನ್ನು ಸೇರುತ್ತವೆ. ಮಲೆನಾಡಿನವರಿಗೆ ಈ ಚಿತ್ರ ಅಪರಿಚಿತವಲ್ಲ.

ರುಂಗ್ವೆಯ ಪೂರ್ವಕ್ಕೆ ಲಿವಿಂಗ್‌ಸ್ಟನ್ ಎಂಬ ಅರಣ್ಯವಿದೆ. ಅದು ಕಿಟುಲೊ ಎಂಬ ಎತ್ತರದ ಹುಲ್ಲುಗಾವಲಿಗೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಈ ಹುಲ್ಲುಗಾವಲು ನೂರಾರು ಬಗೆಯ ಹೂಗಳಿಂದ, ವಿಶೇಷವಾಗಿ ನೆಲದ ಸೀತಾಳೆ ಹೂಗಳಿಂದ ತುಂಬುತ್ತದೆ. ಸ್ಥಳೀಯರು ಇದನ್ನು ದೇವರ ತೋಟವೆಂದು ಕರೆಯುತ್ತಾರೆ. ರುಂಗ್ವೆ ಮತ್ತು ಲಿವಿಂಗ್‌ಸ್ಟನ್ ಕಾಡುಗಳ ನಡುವೆ ಬುಜಿಂಗಿಜಿಲಾ ಎಂಬ ಕಿರಿದಾದ ಪಟ್ಟಿ ಇದೆ. ಈ ಪಟ್ಟಿಯ ಹೆಸರು ಮುಂದೆ ಮತ್ತೆ ಬರಲಿದೆ.

ಊರಿನ ಮಾತು, ಶಾಸ್ತ್ರದ ಕಿವಿ

2003ನೇ ಇಸವಿಯ ಆರಂಭದಲ್ಲಿ ವನ್ಯಜೀವಿ ಸಂರಕ್ಷಣಾ ಸೊಸೈಟಿಯ ಸಂಶೋಧಕರ ತಂಡವೊಂದು ಈ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸುತ್ತಿತ್ತು. ಟಿಮ್ ಡೇವನ್‌ಪೋರ್ಟ್, ಡ್ಯಾನಿಯೆಲಾ ಡಿ ಲುಕಾ ಇವರೊಂದಿಗೆ ಟಾಂಜಾನಿಯಾದವರೇ ಆದ ನೋವಾ ಎಂಪುಂಗಾ ಮತ್ತು ಸೋಫಿ ಮಚಾಗಾ ಆ ತಂಡದಲ್ಲಿದ್ದರು. ಕಾಡಿನಲ್ಲಿ ಯಾವ ಯಾವ ಪ್ರಾಣಿಗಳಿವೆ, ಯಾವುದನ್ನು ಬೇಟೆಯಾಡುತ್ತಾರೆ ಎಂದು ಊರಿನವರನ್ನು ವಿಚಾರಿಸಿದಾಗ, ಕೆಲವರು ನಾಚಿಕೆ ಸ್ವಭಾವದ, ಸುಲಭವಾಗಿ ಕಣ್ಣಿಗೆ ಬೀಳದ ಒಂದು ಮಂಗದ ವಿಷಯ ಹೇಳಿದರು. ಅದಕ್ಕೆ ಅವರ ಭಾಷೆಯಲ್ಲಿ ಕಿಪುಂಜಿ ಎಂಬ ಹೆಸರಿತ್ತು.

ಸಂಶೋಧಕರಿಗೆ ಆಗ ಒಂದು ಸಂದೇಹ ಎದುರಾಯಿತು. ನ್ಯಾಕ್ಯೂಸಾ ಜನರ ಬಾಯ್ದೆರೆಯ ಕಥೆಗಳಲ್ಲಿ ನಿಜವಾದ ಪ್ರಾಣಿಗಳೂ ಇವೆ, ಕಲ್ಪನೆಯ ಪ್ರಾಣಿಗಳೂ ಇವೆ. ಕಿಪುಂಜಿ ಯಾವ ಸಾಲಿಗೆ ಸೇರಿದ್ದು? ಊರಿನವರ ಮಾತನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭವಿತ್ತು. ತಂಡದವರು ಹಾಗೆ ಮಾಡದೆ ಕಾಡಿಗೆ ಹೋಗಿ ಹುಡುಕಿದರು. ಕಡಿದಾದ ಇಳಿಜಾರು, ದಟ್ಟ ಮಂಜು, ಮನುಷ್ಯರ ಸುಳಿವು ಸಿಕ್ಕೊಡನೆ ಎಲೆಗಳ ಮರೆಗೆ ಸರಿಯುವ ಪ್ರಾಣಿ. ಮೇ ತಿಂಗಳಲ್ಲಿ ಅಸ್ಪಷ್ಟವಾಗಿ ಕಂಡದ್ದು, ಡಿಸೆಂಬರ್ ತಿಂಗಳಲ್ಲಿ ಸ್ಪಷ್ಟವಾಗಿ ಕಂಡಿತು. ಅದು ಅಲ್ಲಿಯವರೆಗೆ ಯಾವ ಪುಸ್ತಕದಲ್ಲಿಯೂ ದಾಖಲಾಗಿರದ ಮಂಗವಾಗಿತ್ತು.

ಆಶ್ಚರ್ಯದ ಸಂಗತಿಯೆಂದರೆ, ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರದ ಉಡ್ಜುಂಗ್ವಾ ಪರ್ವತಶ್ರೇಣಿಯಲ್ಲಿ, ಎನ್‌ಡುಂಡುಲು ಎಂಬ ಕಾಡಿನಲ್ಲಿ, 2004ರಲ್ಲಿ ಟ್ರೆವರ್ ಜೋನ್ಸ್ ಎಂಬ ಸಂಶೋಧಕರು ಬೇರೊಂದು ಅಪರೂಪದ ಮಂಗವನ್ನು ಅರಸುತ್ತಿದ್ದಾಗ ಇದೇ ಪ್ರಾಣಿಯನ್ನು ಕಂಡರು. ಎರಡೂ ತಂಡಗಳಿಗೆ ಪರಸ್ಪರರ ಕೆಲಸ ತಿಳಿದದ್ದು ಆ ಬಳಿಕವೇ. ಇಬ್ಬರೂ ಜೊತೆಗೂಡಿ 2005ರ ಮೇ ತಿಂಗಳಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹೊಸ ಪ್ರಭೇದವನ್ನು ಪ್ರಕಟಿಸಿದರು. ಹೆಸರಿಡುವಾಗ ಊರಿನವರ ಪದವನ್ನೇ ಉಳಿಸಿಕೊಂಡರು. ಜಗತ್ತಿನ ಯಾವ ಮೂಲೆಯ ವಿದ್ಯಾರ್ಥಿಯಾದರೂ ಇಂದು ಈ ಪ್ರಾಣಿಯ ಶಾಸ್ತ್ರೀಯ ಹೆಸರನ್ನು ಹೇಳಬೇಕಾದರೆ ನ್ಯಾಕ್ಯೂಸಾ ರೈತರು ಆಡುವ ಒಂದು ಶಬ್ದವನ್ನು ಉಚ್ಚರಿಸಲೇಬೇಕು.

ಎನ್‌ಡುಂಡುಲು ಬೆಟ್ಟಗಳಿಗೆ ಇಂಥ ಇನ್ನೊಂದು ಕಥೆಯೂ ಇದೆ. 1991ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಸಂಶೋಧಕರು ಅಡುಗೆಯ ಪಾತ್ರೆಯಲ್ಲಿ ಹಕ್ಕಿಯ ವಿಚಿತ್ರವಾದ ಕಾಲುಗಳನ್ನು ಕಂಡರು. ಆ ಕಾಲುಗಳ ಜಾಡು ಹಿಡಿದು ಹೋದಾಗ ಶಾಸ್ತ್ರಕ್ಕೆ ಸಂಪೂರ್ಣ ಹೊಸದಾದ ಕಾಡುಕೌಜುಗವೊಂದು ಬೆಳಕಿಗೆ ಬಂತು. ಶಾಸ್ತ್ರಜ್ಞರು ಅರಿಯದ ಹಕ್ಕಿ ಊರಿನವರ ಊಟದಲ್ಲಿತ್ತು. ಕಾಡಿನ ಅಂಚಿನಲ್ಲಿ ಬದುಕುವವರ ತಿಳಿವಳಿಕೆ ಎಷ್ಟು ಆಳವಾದುದು ಎಂಬುದಕ್ಕೆ ಇದೂ ಒಂದು ಸಾಕ್ಷಿ. ಹಾಗೆಯೇ, ಹೆಸರು ದಾಖಲಾಗುವ ಮುನ್ನವೇ ಒಂದು ಜೀವಿ ಪಾತ್ರೆಗೆ ಬಿದ್ದು ಮುಗಿದುಹೋಗಬಹುದು ಎಂಬ ಎಚ್ಚರಿಕೆಯೂ ಇದರಲ್ಲಿದೆ.

ಜೋಳದ ಹೊಲದ ಉರುಳು

ಹೊಸ ಪ್ರಾಣಿಯೊಂದನ್ನು ಹೆಸರಿಸುವಾಗ ಅದರ ದೇಹವನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸುವುದು ಜೀವಶಾಸ್ತ್ರದ ರೂಢಿ. ಕಿಪುಂಜಿಯ ವಿಷಯದಲ್ಲಿ 2005ರ ಸಂಶೋಧಕರು ಆ ರೂಢಿಯನ್ನು ಪಾಲಿಸಲಿಲ್ಲ. ಇಷ್ಟು ವಿರಳವಾದ ಪ್ರಾಣಿಯನ್ನು ಕೊಲ್ಲುವುದು ಸರಿಯಲ್ಲವೆಂದು ಛಾಯಾಚಿತ್ರವನ್ನೇ ಆಧಾರವಾಗಿಟ್ಟು ಹೆಸರಿಸಿದರು. ಇದನ್ನು ಒಪ್ಪದ ಶಾಸ್ತ್ರಜ್ಞರೂ ಇದ್ದರು. ದೇಹವಿಲ್ಲದೆ ಪ್ರಭೇದವನ್ನು ಹೆಸರಿಸಬಹುದೇ ಎಂಬ ಚರ್ಚೆ ನಡೆಯಿತು.

ಚರ್ಚೆಗೆ ಉತ್ತರ ದೊರೆತದ್ದು ಒಂದು ಜೋಳದ ಹೊಲದಲ್ಲಿ. ಅದೇ ವರ್ಷ ರುಂಗ್ವೆಯ ತಪ್ಪಲಿನಲ್ಲಿ ರೈತನೊಬ್ಬ ಬೆಳೆ ಕಾಯಲು ಒಡ್ಡಿದ್ದ ಉರುಳಿಗೆ ಎಳೆಯ ಗಂಡು ಕಿಪುಂಜಿಯೊಂದು ಸಿಕ್ಕಿ ಸತ್ತಿತು. ಆ ದೇಹ ಶಿಕಾಗೋದ ಫೀಲ್ಡ್ ವಸ್ತುಸಂಗ್ರಹಾಲಯವನ್ನು ತಲುಪಿತು. ತಲೆಬುರುಡೆಯನ್ನು ಅಳೆದು, ಅಂಗಾಂಶದ ವಂಶವಾಹಿಗಳನ್ನು ಪರೀಕ್ಷಿಸಿದಾಗ ಮೊದಲಿನ ಊಹೆ ಬದಲಾಯಿತು. ನೋಟಕ್ಕೆ ಮ್ಯಾಂಗಬೆ ಎಂಬ ಜಾತಿಯ ಮಂಗದಂತೆ ಕಂಡ ಇದು, ರಕ್ತಸಂಬಂಧದಲ್ಲಿ ಬಯಲಿನ ಬಬೂನ್‌ಗಳಿಗೆ ಹತ್ತಿರವೆಂದು ತಿಳಿಯಿತು. ಆದರೆ ಬಬೂನ್‌ನ ಉದ್ದನೆಯ ಮುಸುಡಿ ಇದಕ್ಕಿಲ್ಲ, ನೆಲದ ಮೇಲಿನ ಬದುಕೂ ಇದರದ್ದಲ್ಲ. ಆದ್ದರಿಂದ 2006ರಲ್ಲಿ ಇದಕ್ಕಾಗಿ ರುಂಗ್ವೆಸೆಬಸ್ ಎಂಬ ಹೊಸ ಕುಲವನ್ನೇ ರಚಿಸಬೇಕಾಯಿತು. ಆಫ್ರಿಕಾದ ಮಂಗಗಳಲ್ಲಿ ಹೊಸ ಕುಲವೊಂದು ಸೇರಿದ್ದು 1923ರ ನಂತರ ಅದೇ ಮೊದಲು. ಬಹಳ ಹಿಂದೆ ಕಿಪುಂಜಿ ಮತ್ತು ಬಬೂನ್‌ಗಳ ನಡುವೆ ಸಂಕರ ನಡೆದಿರುವ ಕುರುಹುಗಳೂ ಮುಂದಿನ ಅಧ್ಯಯನಗಳಲ್ಲಿ ಕಂಡುಬಂದವು.

ಈ ಘಟನೆಯನ್ನು ವಿದ್ಯಾರ್ಥಿಗಳು ಎರಡು ಕಡೆಯಿಂದಲೂ ನೋಡಬೇಕು. ಜಗತ್ತಿನ ಶಾಸ್ತ್ರಜ್ಞರ ಕಣ್ಣಿಗೆ ಅದು 83 ವರ್ಷಗಳಿಗೊಮ್ಮೆ ದೊರೆತ ಅಮೂಲ್ಯ ದೇಹ. ಉರುಳು ಒಡ್ಡಿದ ರೈತನ ಕಣ್ಣಿಗೆ ಅದು ಜೋಳ ತಿನ್ನಲು ಬಂದ ಮಂಗ. ಎರಡು ನೋಟಗಳೂ ಸುಳ್ಳಲ್ಲ. ಕಿಪುಂಜಿ ಕಾಡಂಚಿನ ಹೊಲಗಳಿಗೆ ಇಳಿದು ಜೋಳವನ್ನು ತಿನ್ನುವುದು ನಿಜ. ಕಾಡು ಹಿಂದೆ ಸರಿದಂತೆ ಹೊಲ ಅದರ ಮನೆಯ ಬಾಗಿಲಿಗೇ ಬಂದಿತ್ತು ಎಂಬುದೂ ನಿಜ. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವ ಯಾವ ಸಂರಕ್ಷಣೆಯೂ ಬೆಟ್ಟದ ಮೇಲೆ ಬಾಳಲಾರದು.

ಕಿಪುಂಜಿಯ ಬದುಕು

ಕಿಪುಂಜಿ ಬಾಲವನ್ನು ಬಿಟ್ಟು ಸುಮಾರು 3 ಅಡಿ ಉದ್ದದ ಮಂಗ. ಬಾಲವಂತೂ ದೇಹಕ್ಕಿಂತ ಉದ್ದ. ಮೈತುಂಬ ಉದ್ದವಾದ ಬೂದುಮಿಶ್ರಿತ ಕಂದು ಕೂದಲು, ಕಪ್ಪು ಮುಖ, ನಸುಬಿಳಿಯ ಹೊಟ್ಟೆ, ಬಾಲದ ತುದಿಯೂ ನಸುಬಿಳಿ. ನೆತ್ತಿಯ ಮೇಲೆ ನೆಟ್ಟಗೆ ನಿಂತ ಕೂದಲಿನ ಜುಟ್ಟು. ಕೆನ್ನೆಗಳ ಇಕ್ಕೆಲಗಳಲ್ಲಿ ಹರಡಿದ ಮೀಸೆ. ರುಂಗ್ವೆಯ ಕಾಡಿನಲ್ಲಿ ಇದು 1,750 ಮೀಟರಿನಿಂದ 2,450 ಮೀಟರಿನವರೆಗಿನ ಎತ್ತರದಲ್ಲಿ ವಾಸಿಸುತ್ತದೆ. ಆ ಎತ್ತರದಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಸೊನ್ನೆಗಿಂತಲೂ 3 ಡಿಗ್ರಿ ಕೆಳಗೆ ಇಳಿಯುವುದುಂಟು. ಉಷ್ಣವಲಯದ ಮಂಗಕ್ಕೆ ದಟ್ಟ ಕಂಬಳಿಯಂಥ ಕೂದಲು ಬೇಕಾದದ್ದು ಇದಕ್ಕಾಗಿಯೇ.

ಇದರ ಬಹುಪಾಲು ಬದುಕು ಮರಗಳ ಮೇಲೆಯೇ ಕಳೆಯುತ್ತದೆ. ಹಣ್ಣು, ಕಾಯಿ, ಎಲೆ, ಹೂ, ತೊಗಟೆ, ಕಾಂಡದ ತಿರುಳು, ಪಾಚಿ, ಕಲ್ಲುಹೂವು, ಹುಳುಹುಪ್ಪಟೆ ಇವೆಲ್ಲವೂ ಇದರ ಆಹಾರ. ಇದು ತಿನ್ನುವ ಸಸ್ಯಗಳ ಪಟ್ಟಿ ನೂರನ್ನು ಮೀರುತ್ತದೆ. ಈ ಪಟ್ಟಿಯಿಂದ ತಿಳಿಯಬೇಕಾದ ಮಾತೊಂದಿದೆ. ಒಂದೆರಡು ಜಾತಿಯ ಮರಗಳನ್ನು ನೆಟ್ಟು ಅದನ್ನೇ ಕಾಡು ಎಂದು ಕರೆದರೆ ಕಿಪುಂಜಿಗೆ ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಊಟ ಸಿಗುವುದಿಲ್ಲ. ಒಂದು ಮರ ಹಣ್ಣು ಬಿಡದ ಕಾಲದಲ್ಲಿ ಇನ್ನೊಂದು ಚಿಗುರಬೇಕು, ಅದೂ ಇಲ್ಲದಾಗ ಮೂರನೆಯದರ ತೊಗಟೆಯಾದರೂ ಸಿಗಬೇಕು. ಅಂಥ ವೈವಿಧ್ಯ ಹಳೆಯ ನೈಸರ್ಗಿಕ ಕಾಡಿನಲ್ಲಿ ಮಾತ್ರ ಇರುತ್ತದೆ. ಆ ಊಟಕ್ಕೆ ಪ್ರತಿಯಾಗಿ ಹಣ್ಣು ತಿನ್ನುವ ಮಂಗಗಳು ಬೀಜಗಳನ್ನು ದೂರ ದೂರಕ್ಕೆ ಒಯ್ದು ಹರಡುತ್ತವೆ.

ರುಂಗ್ವೆ ಸೀಮೆಯಲ್ಲಿ ಒಂದು ಗುಂಪಿನಲ್ಲಿ ಸರಾಸರಿ 30 ಪ್ರಾಣಿಗಳಿರುತ್ತವೆ. ಗಂಡು, ಹೆಣ್ಣು, ಮರಿ ಎಲ್ಲವೂ ಒಟ್ಟಿಗೆ. ಕಪ್ಪುಬಿಳುಪಿನ ಕೊಲೊಬಸ್ ಮಂಗಗಳೊಡನೆ, ಸೈಕ್ಸ್ ಮಂಗಗಳೊಡನೆ ಬೆರೆತು ಮೇಯುವುದೂ ಉಂಟು. ಇದರ ಕೂಗು ವಿಶಿಷ್ಟವಾದುದು: ಬಾತುಕೋಳಿಯ ಕೂಗಿನೊಡನೆ ನಾಯಿಯ ಬೊಗಳು ಬೆರೆತಂಥ ಗಟ್ಟಿ ದನಿ. ಹತ್ತಿರದ ಜಾತಿಯ ಮ್ಯಾಂಗಬೆಗಳ ಕೂಗು ಇದಕ್ಕಿಂತ ತೀರ ಬೇರೆ; ಇದು ಹೊಸ ಪ್ರಾಣಿಯೆಂದು ಗುರುತಿಸಲು ನೆರವಾದ ಲಕ್ಷಣಗಳಲ್ಲಿ ಕೂಗೂ ಒಂದು. ಆಕಾಶದಿಂದ ಎರಗುವ ಕಿರೀಟಧಾರಿ ಗಿಡುಗ ಇದರ ಸಹಜ ಶತ್ರು. ಆದರೆ ಒಂದು ಪ್ರಾಣಿಯ ಸಂತತಿಯನ್ನೇ ಅಳಿಸುವಷ್ಟು ಹಾನಿ ಗಿಡುಗದಿಂದ ಆಗುವುದಿಲ್ಲ.

1,117 ಎಂಬ ಲೆಕ್ಕ

ಹೆಸರಿಟ್ಟ ಮೇಲೆ ಎಣಿಕೆಯ ಕೆಲಸ ಆರಂಭವಾಯಿತು. ಕಾಡಿನ ಒಂದೊಂದು ಗುಂಪನ್ನೂ ಹಿಂಬಾಲಿಸಿ ತಲೆ ಎಣಿಸಿದ ಈ ಗಣತಿಯ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ರುಂಗ್ವೆ ಹಾಗೂ ಕಿಟುಲೊ ಸೀಮೆಯಲ್ಲಿ 34 ಗುಂಪುಗಳು, 1,042 ಪ್ರಾಣಿಗಳು. ಎನ್‌ಡುಂಡುಲುವಿನಲ್ಲಿ 4 ಗುಂಪುಗಳು, 75 ಪ್ರಾಣಿಗಳು. ಇಡೀ ಭೂಮಿಯ ಮೇಲೆ ಒಟ್ಟು 1,117. ಅವು ನಿಜವಾಗಿ ಬಳಸುತ್ತಿದ್ದ ಕಾಡು ಎರಡೂ ಕಡೆ ಸೇರಿ ಸುಮಾರು 18 ಚದರ ಕಿಲೋಮೀಟರ್ ಮಾತ್ರ. ಮಲೆನಾಡಿನ ಕೆಲವು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯೇ ಇದಕ್ಕಿಂತ ದೊಡ್ಡದಿದೆ. ಅದೇ 2008ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಕಿಪುಂಜಿ ಅತ್ಯಂತ ತೀವ್ರ ಅಪಾಯದ ವರ್ಗಕ್ಕೆ ಸೇರಿತು.

ಸಂಖ್ಯೆ ಇಷ್ಟು ಕಡಿಮೆಯಾಗಲು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ರುಂಗ್ವೆ ಹಿಂದಿನಿಂದಲೂ ಮೀಸಲು ಅರಣ್ಯವೇ ಆಗಿತ್ತು. ಆದರೆ ಕಾವಲು ದುರ್ಬಲವಾಗಿತ್ತು. ಬೆಲೆಬಾಳುವ ಮರಗಳನ್ನು ಕದ್ದು ಕಡಿಯುತ್ತಿದ್ದರು. ಇದ್ದಿಲಿಗಾಗಿ ಕಾಡಿನೊಳಗೇ ಸೌದೆ ಸುಡುತ್ತಿದ್ದರು. ಮಾಂಸಕ್ಕಾಗಿ ಹಾಗೂ ಬೆಳೆ ರಕ್ಷಣೆಗಾಗಿ ಉರುಳು ಒಡ್ಡುತ್ತಿದ್ದರು. ದೊಡ್ಡ ಮರ ಬಿದ್ದಲ್ಲಿ ಮೇಲ್ಛಾವಣಿ ಹರಿಯುತ್ತದೆ. ಮರದಿಂದ ಮರಕ್ಕೆ ಸಾಗುವ ಮಂಗಕ್ಕೆ ಅದು ದಾರಿ ಮುರಿದಂತೆ. ದಾರಿ ಮುರಿದ ಗುಂಪು ಚಿಕ್ಕ ತುಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಆಹಾರ ಸಾಲದೆ ಹೊಲಕ್ಕೆ ಇಳಿಯುತ್ತದೆ. ಹೊಲದಲ್ಲಿ ಉರುಳು ಕಾದಿರುತ್ತದೆ.

ಈ ಸರಪಳಿಯ ಮುಖ್ಯ ಕೊಂಡಿಯೇ ಮೊದಲು ಹೇಳಿದ ಬುಜಿಂಗಿಜಿಲಾ ಪಟ್ಟಿ. ರುಂಗ್ವೆ ಮತ್ತು ಲಿವಿಂಗ್‌ಸ್ಟನ್ ಕಾಡುಗಳನ್ನು ಕೂಡಿಸುವ ಆ ಪಟ್ಟಿ ಕಡಿದು, ಸುಟ್ಟು, ಬೋಳಾಗುತ್ತ ಬಂದಿತ್ತು. ಅದು ಪೂರ್ತಿ ಮುರಿದರೆ ಒಂದು ಸಂತತಿ ಎರಡಾಗಿ ಒಡೆಯುತ್ತದೆ. ಚಿಕ್ಕ ಗುಂಪಿನೊಳಗೇ ಮತ್ತೆ ಮತ್ತೆ ಸಂಬಂಧ ಬೆಳೆದರೆ ಸಂತತಿ ದುರ್ಬಲವಾಗುತ್ತದೆ. ಒಂದು ರೋಗ, ಒಂದು ಬೆಂಕಿ ಸಾಕು, ಇಡೀ ತುಂಡು ಬರಿದಾಗಲು. ಎನ್‌ಡುಂಡುಲುವಿನ 75 ಪ್ರಾಣಿಗಳ ಸ್ಥಿತಿ ಆಗ ಹೆಚ್ಚುಕಡಿಮೆ ಹೀಗೆಯೇ ಇತ್ತು: 350 ಕಿಲೋಮೀಟರ್ ದೂರದ ಬಂಧುಗಳನ್ನು ಅವು ಎಂದಿಗೂ ಸೇರಲಾರವು.

ಉಳಿಸಿದ ಬಗೆ

ಕಿಪುಂಜಿಯನ್ನು ಹಿಡಿದು ಮೃಗಾಲಯಕ್ಕೆ ಒಯ್ದು ಸಾಕಿ ಉಳಿಸಿದ್ದಲ್ಲ. ಅದು ಇದ್ದಲ್ಲಿಯೇ, ಅದರ ಕಾಡನ್ನು ಉಳಿಸುವ ಮೂಲಕ ಉಳಿದದ್ದು. 2005ರಲ್ಲಿ ಕಿಟುಲೊ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗಿ ಲಿವಿಂಗ್‌ಸ್ಟನ್ ಅರಣ್ಯವೂ ಅದರೊಳಗೆ ಸೇರಿತು. ಉಷ್ಣವಲಯದ ಆಫ್ರಿಕಾದಲ್ಲಿ ಮುಖ್ಯವಾಗಿ ಹೂಗಿಡಗಳಿಗಾಗಿ ರಚನೆಯಾದ ಮೊದಲ ರಾಷ್ಟ್ರೀಯ ಉದ್ಯಾನವಿದು. ಹೂವಿಗಾಗಿ ಹಾಕಿದ ಬೇಲಿಯ ನೆರಳು ಮಂಗಕ್ಕೂ ದೊರೆಯಿತು. 2007ರಲ್ಲಿ ಎನ್‌ಡುಂಡುಲು ಕಾಡು ಕಿಲೊಂಬೆರೊ ನಿಸರ್ಗ ಮೀಸಲಿನ ಭಾಗವಾಯಿತು. 2009ರಲ್ಲಿ ರುಂಗ್ವೆ ಅರಣ್ಯ ನಿಸರ್ಗ ಮೀಸಲಾಯಿತು.

ಘೋಷಣೆಯಿಂದ ಮಾತ್ರ ಕಾಡು ಉಳಿಯುವುದಿಲ್ಲ ಎಂಬುದನ್ನು ಬೆಟ್ಟದ ಜನ ಬಲ್ಲರು. ಘೋಷಣೆಯ ಜೊತೆಗೆ ಕಾವಲಿನ ನಡಿಗೆಗಳು ಆರಂಭವಾದವು; ಕಾಡಿನೊಳಗಿನ ಉರುಳುಗಳನ್ನು ಹುಡುಕಿ ತೆಗೆಯಲಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಸಸ್ಯಪಾಲನಾ ಕೇಂದ್ರಗಳನ್ನು ತೆರೆದು ಸ್ಥಳೀಯ ಮರಗಳ ಸಸಿಗಳನ್ನು ಬೆಳೆಸಲಾಯಿತು. ಬುಜಿಂಗಿಜಿಲಾ ಪಟ್ಟಿಯಲ್ಲಿ ಆ ಸಸಿಗಳನ್ನು ನೆಟ್ಟು ಮುರಿದ ಕಾಡನ್ನು ಮರಳಿ ಕೂಡಿಸುವ ಕೆಲಸ ನಡೆಯಿತು. ಶಾಲೆಗಳಲ್ಲಿ ಕಿಪುಂಜಿಯ ವಿಷಯವಾಗಿ ಪಾಠಗಳು ನಡೆದವು. ಯಾವ ಮಂಗವನ್ನು ಹೊರಗಿನ ಜಗತ್ತು ಅರಿತಿರಲಿಲ್ಲವೋ ಅದು ತಮ್ಮ ಬೆಟ್ಟದಲ್ಲಿ ಇದೆಯೆಂಬ ಸಂಗತಿ ಅಲ್ಲಿಯ ಮಕ್ಕಳಿಗೆ ತಿಳಿಯಿತು.

ಇದರ ಫಲ ಎಣಿಕೆಯಲ್ಲಿ ಕಂಡಿತು. ಮೊದಲ ಗಣತಿಯ ಸುಮಾರು 13 ವರ್ಷಗಳ ಬಳಿಕ ನಡೆದ ಎರಡನೆಯ ಗಣತಿಯ ಫಲಿತಾಂಶ 2022ರಲ್ಲಿ ಬೆಳಕಿಗೆ ಬಂತು: 59 ಗುಂಪುಗಳು, 1,966 ಪ್ರಾಣಿಗಳು. ಕೆಂಪು ಪಟ್ಟಿಯಲ್ಲಿ ಅದು ಈಗ ಮೊದಲಿನ ತೀವ್ರ ವರ್ಗದಿಂದ ಒಂದು ಮೆಟ್ಟಿಲು ಕೆಳಗಿನ, ಅಪಾಯಕ್ಕೊಳಗಾದ ಪ್ರಭೇದಗಳ ವರ್ಗದಲ್ಲಿದೆ. ಇದು ಸಂತೋಷದ ಸುದ್ದಿ, ಮೈಮರೆಯುವ ಸುದ್ದಿಯಲ್ಲ. ಎರಡು ಸಾವಿರವೆಂದರೆ ಒಂದು ಸಾಧಾರಣ ಊರಿನ ಜನಸಂಖ್ಯೆ. ಅಷ್ಟೂ ಪ್ರಾಣಿಗಳು ಎರಡೇ ಎರಡು ಕಡೆ ಇವೆ. ಕಾವಲು ಸಡಿಲವಾದರೆ ಹತ್ತು ವರ್ಷಗಳ ದುಡಿಮೆ ಎರಡು ವರ್ಷಗಳಲ್ಲಿ ಕರಗಬಹುದು.

ಬೆಲೆ ತೆರುವವರು ಯಾರು?

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಸಭೆಯಲ್ಲಿರುವ ರೈತರ ಮನಸ್ಸಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕಿಪುಂಜಿ ಉಳಿದರೆ ಇಡೀ ಜಗತ್ತಿಗೆ ಲಾಭ. ಕಿಪುಂಜಿ ತಿಂದ ಜೋಳದ ನಷ್ಟ ಮಾತ್ರ ಕಾಡಂಚಿನ ಒಂದು ಮನೆಯದು. ಕಾಡಿಗೆ ಬೀಗ ಹಾಕಿದಾಗ ಸೌದೆಯ ಕೊರತೆ ತಟ್ಟುವುದೂ ಅದೇ ಮನೆಯ ಹೆಂಗಸರಿಗೆ. ಲಾಭ ಎಲ್ಲರದು, ನಷ್ಟ ಒಬ್ಬನದು ಎಂಬ ಈ ಲೆಕ್ಕ ನ್ಯಾಯವಾದುದಲ್ಲ. ಅದನ್ನು ಸರಿಪಡಿಸದೆ ರೈತನಿಗೆ ಉಪದೇಶ ಮಾಡುವವರ ಮಾತು ಉರುಳನ್ನು ತಡೆಯಲಾರದು.

ಸರಿಪಡಿಸುವ ದಾರಿಗಳು ಇಲ್ಲವೆಂದಲ್ಲ. ಕಾಡಿಗೆ ತಾಗಿದ ಮೊದಲ ಸಾಲಿನಲ್ಲಿ ಜೋಳದಂಥ ಬೆಳೆಯ ಬದಲು ಮಂಗಗಳು ಮುಟ್ಟದ ಬೆಳೆಯನ್ನು ಬೆಳೆಯುವುದು ಒಂದು ದಾರಿ. ಚಹಾ ಎಲೆಯನ್ನು ಮಂಗಗಳು ಸಾಮಾನ್ಯವಾಗಿ ತಿನ್ನುವುದಿಲ್ಲ; ರುಂಗ್ವೆಯ ತಪ್ಪಲು ಚಹಾ ಬೆಳೆಯುವ ಸೀಮೆಯೇ ಆಗಿದೆ. ಸೌದೆಗಾಗಿ ಊರಿನ ಬದಿಯಲ್ಲೇ ಮರಗಳನ್ನು ಬೆಳೆಸುವುದು ಇನ್ನೊಂದು. ಕಾವಲಿನ ಕೆಲಸ, ಸಸಿ ಬೆಳೆಸುವ ಕೆಲಸ, ಎಣಿಕೆಯ ಕೆಲಸ ಇವುಗಳ ಕೂಲಿ ಮೊದಲು ಆ ಹಳ್ಳಿಗಳಿಗೇ ಸೇರಬೇಕೆಂಬುದು ಮೂರನೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಕಾಡಿನೊಳಗೆ ಮಂಗಕ್ಕೆ ವರ್ಷವಿಡೀ ಆಹಾರ ಇರುವಂತೆ ಮಾಡುವುದು. ಕಾಡು ತುಂಬಿದ್ದಾಗ ಹೊಲದ ಮೇಲಿನ ಒತ್ತಡ ತಗ್ಗುತ್ತದೆ. ಬೆಳೆ ರಕ್ಷಣೆಗೂ ಕಾಡಿನ ರಕ್ಷಣೆಗೂ ವೈರವಿದೆಯೆಂದು ಭಾವಿಸುವುದು ತಪ್ಪು. ಕಾಡು ಹಾಳಾದಲ್ಲೇ ಬೆಳೆಯ ಹಾನಿ ಹೆಚ್ಚು.

ಸಹ್ಯಾದ್ರಿಯ ಬಂಧು

ಕಿಪುಂಜಿಗೆ ಸಹ್ಯಾದ್ರಿಯಲ್ಲಿಯೂ ಒಬ್ಬ ಬಂಧುವಿದ್ದಾನೆ. ಪ್ರಾಣಿಶಾಸ್ತ್ರದ ವರ್ಗೀಕರಣದಲ್ಲಿ ಬಬೂನ್, ಮ್ಯಾಂಗಬೆ, ಕಿಪುಂಜಿ ಹಾಗೂ ಏಷ್ಯಾದ ಕೋಡಗಗಳು ಒಂದೇ ಬಳಗಕ್ಕೆ ಸೇರುತ್ತವೆ. ಆ ಬಳಗದಲ್ಲಿ ಸಹ್ಯಾದ್ರಿಗೇ ಮೀಸಲಾದುದು ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ನಿತ್ಯಹರಿದ್ವರ್ಣ ಕಾಡಿನ ಮೇಲ್ಛಾವಣಿಯ ಬದುಕು, ನಾಚಿಕೆಯ ಸ್ವಭಾವ. ಕಿಪುಂಜಿಯನ್ನು ಕುರಿತು ಹೇಳಿದ ಮಾತುಗಳಲ್ಲಿ ಅರ್ಧಪಾಲು ಇದಕ್ಕೂ ಸಲ್ಲುತ್ತವೆ. ಅಘನಾಶಿನಿ ಕಣಿವೆಯಲ್ಲಿ 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು. ಸಿಂಗಳೀಕ ತಿನ್ನುವ ಹಲಸು, ಉಪ್ಪಾಗೆಯಂಥ ಹಣ್ಣುಗಳನ್ನು ಊರಿನವರೂ ಬಳಸುತ್ತಾರೆ. ಕಾಡಿನ ಉಪ್ಪಾಗೆಯನ್ನು ಟೊಂಗೆ ಕಡಿದು ಒಯ್ಯುವುದೇ ಅಥವಾ ಮರಕ್ಕೂ ಮಂಗಕ್ಕೂ ಪಾಲು ಬಿಟ್ಟು ಕೊಯ್ಯುವುದೇ ಎಂಬ ತೀರ್ಮಾನ ಯಾವ ಕಚೇರಿಯಲ್ಲಿಯೂ ಆಗುವುದಿಲ್ಲ. ಅದು ಮರದ ಕೆಳಗೆ, ಕೊಯ್ಯುವವನ ಕೈಯಲ್ಲಿ ಆಗುತ್ತದೆ.

ತೋಟಕ್ಕೆ ನುಗ್ಗುವ ಮಂಗಗಳೆಲ್ಲ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಊರಿನ ಸುತ್ತ ಬೆಳೆ ಹಾಳುಮಾಡುವುದು ಹೆಚ್ಚಾಗಿ ಸಾಮಾನ್ಯ ಕೋಡಗ. ಅದರ ಮೇಲಿನ ಸಿಟ್ಟು ಕಾಡಿನೊಳಗಿನ ಸಿಂಗಳೀಕಕ್ಕೆ ತಗುಲಬಾರದು. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವ ಕಣ್ಣು ಊರಿನವರಿಗೆ ಇದೆ. ಆ ಕಣ್ಣು ಮುಂದಿನ ತಲೆಮಾರಿಗೂ ಬರಬೇಕು.

ವಿದ್ಯಾರ್ಥಿ ಮಿತ್ರರಿಗೆ ಕೊನೆಯದಾಗಿ ಒಂದು ಕೆಲಸ. ರುಂಗ್ವೆಯಲ್ಲಿ ಕಿಪುಂಜಿ ಬೆಳಕಿಗೆ ಬಂದದ್ದು, ಊರಿನ ಹಿರಿಯರು ಹೇಳಿದ ಒಂದು ಹೆಸರನ್ನು ಯಾರೋ ಗಮನವಿಟ್ಟು ಕೇಳಿ ಬರೆದುಕೊಂಡದ್ದರಿಂದ. ಮಲೆನಾಡಿನ ಪ್ರತಿ ಊರಿನಲ್ಲಿಯೂ ಅಂಥ ಹಿರಿಯರಿದ್ದಾರೆ. ಕಾಡಿನ ಮರ, ಬಳ್ಳಿ, ಹಕ್ಕಿ, ಮೀನು, ಕಪ್ಪೆ ಇವುಗಳ ಹೆಸರುಗಳೂ ಗುಣಗಳೂ ಅವರ ನಾಲಿಗೆಯ ಮೇಲಿವೆ. ಈ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ. ಹಿಂದೆ ಯಾವ ಪ್ರಾಣಿ ಎಲ್ಲಿ ಕಾಣುತ್ತಿತ್ತು, ಎಂದಿನಿಂದ ಕಾಣುತ್ತಿಲ್ಲ, ಯಾವ ಮರ ಯಾವ ತಿಂಗಳು ಹಣ್ಣು ಬಿಡುತ್ತದೆ, ಅದನ್ನು ತಿನ್ನಲು ಯಾರು ಬರುತ್ತಾರೆ ಎಂದು ಕೇಳಿ, ಊರಿನ ಹೆಸರು ಮತ್ತು ದಿನಾಂಕ ಸಹಿತ ಬರೆಯಿರಿ. ಕಟ್ಟುಕಥೆಯಂತೆ ತೋರಿದ್ದನ್ನೂ ಬಿಡದೆ ಬರೆಯಿರಿ. ರುಂಗ್ವೆಯಲ್ಲಿ ಮೊದಲು ಕಟ್ಟುಕಥೆಯೆಂದು ಶಂಕೆ ಹುಟ್ಟಿಸಿದ್ದೇ ಕಿಪುಂಜಿ. ಹೀಗೆ ಬರೆದ ಪುಟಗಳನ್ನು ಶಾಲೆಯಲ್ಲಿ ಒಂದೆಡೆ ಸೇರಿಸಿ ಇಡಿರಿ. ಕಾಡಿನ ಬಗ್ಗೆ ಯಾವುದೇ ಯೋಜನೆ ಊರಿಗೆ ಬಂದ ದಿನ, ಗ್ರಾಮಸಭೆಯ ಮುಂದೆ ಇಡಲು ಊರಿನದೇ ಆದ ಒಂದು ದಾಖಲೆ ಆಗ ಸಿದ್ಧವಾಗಿರುತ್ತದೆ.